ನಾಲ್ಕನೇ ಕ್ಲಾಸಿನ ಆ ಒಂದು ವರ್ಷ

ಕಡೂರಿನ ಲ್ಯಾಬಿನಲ್ಲಿ ಆರು ವರ್ಷ ಜನರ ರಕ್ತ ತೆಗೆದೆ. ಸೂಜಿ ಚುಚ್ಚುವವಳು ಎಂಬ ಒಂದೇ ಕಾರಣಕ್ಕೆ ಹಳ್ಳಿಗಳಿಂದ ಬಂದ ಹೆಂಗಸರು ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಸುಮ್ಮನಾದೆ. ಕೇಳಲು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ನೀಟ್ ಪರೀಕ್ಷೆಯನ್ನು ಮೂರು ಸಲ ಬರೆದೆ. ಓದಿದ್ದೆಲ್ಲ ಬೀರೂರು ದಾಟುವ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ರಕ್ತದ ನಳಿಕೆ ತಿರುಗಿಸುವ ಯಂತ್ರ ನಿಲ್ಲುವವರೆಗಿನ ಹತ್ತು ನಿಮಿಷದಲ್ಲಿ. ಮೂರನೆಯ ಸಲ ಬಂದ ಅಂಕ ಮಾಮೂಲಿ ಮೆರಿಟ್ಟಿಗೆ ಸಾಲುತ್ತಿರಲಿಲ್ಲ. ಆದರೆ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಬೇರೆ ಮೀಸಲಾತಿ ಇದೆ. ಹಿಂದಿನ ವರ್ಷದ ಪಟ್ಟಿ ನೋಡಿದರೆ ಅದರಲ್ಲಿ ನನಗೆ ಸರ್ಕಾರಿ ಸೀಟು ಹೆಚ್ಚುಕಡಿಮೆ ಖಚಿತ. ಅಜ್ಜಂಪುರದಾಚೆಯ ಹಳ್ಳಿಯವಳು ನಾನು. ಊರಿನ ಶಾಲೆ, ಆಮೇಲೆ ಪಕ್ಕದ ಹಳ್ಳಿಯ ಹೈಸ್ಕೂಲು. ನನಗಿಂತ ಹಳ್ಳಿಯವಳು ಬೇಕೆ? ಅರ್ಜಿಯಲ್ಲಿ ‘ಗ್ರಾಮೀಣ’ ಎಂಬಲ್ಲಿ ಹೌದೆಂದು ಗುರುತು ಹಾಕಿ, ಮರುದಿನವೇ ರಾಜೀನಾಮೆ ಬರೆದೆ.

ಲ್ಯಾಬಿನ ಯಜಮಾನರು ವಯಸ್ಸಾದ ಡಾಕ್ಟರು. ಓದಿ ಮೇಜಿನ ಮೇಲಿಟ್ಟರು.

“ಸೀಟ್ ಆರ್ಡರ್ ಕೈಗೆ ಬರ್ಲಿ ಕಣಮ್ಮ. ಅಲ್ಲೀವರ್ಗೂ ರಜ ಹಾಕ್ಕೊ. ನಾನೇನು ಬೇಡ ಅಂತೀನಾ?”

ನನಗೆ ಮೂಗಿನ ತುದಿಯಲ್ಲೇ ಕೋಪ. “ನಾನು ಡಾಕ್ಟ್ರಾಗಲ್ಲ ಅಂತ ನಿಮ್ಗೆ ಅಷ್ಟು ಗ್ಯಾರಂಟಿನಾ ಸಾರ್?” ಎಂದುಬಿಟ್ಟೆ. ಅವರು ಸಹಿ ಹಾಕಿ ಕಾಗದವನ್ನು ನನ್ನತ್ತ ಸರಿಸಿದರು.

ವಾರದೊಳಗೆ ನನ್ನ ಜಾಗಕ್ಕೆ ಹೊಸಬಳು ಬಂದಳು. ನರ ಸಿಗದ ಮುದುಕರ ಕೈಗೆ ಬಿಸಿನೀರಿನ ಬಟ್ಟೆ ಸುತ್ತಿ ಕಾಯಬೇಕೆಂದು ಅವಳಿಗೆ ನಾನೇ ಕಲಿಸಿದೆ. ಹೊರಡುವ ದಿನ ಕಾದು ಕೂತಿದ್ದವರಿಗೆಲ್ಲ ಮೈಸೂರುಪಾಕು ಹಂಚಿದೆ, ಬರಿಹೊಟ್ಟೆಯಲ್ಲಿ ಶುಗರ್ ಪರೀಕ್ಷೆಗೆ ಬಂದವರಿಗೂ! ಡಾಕ್ಟರು ಬೈಯಲೂ ಇಲ್ಲ, ನಗಲೂ ಇಲ್ಲ.

ಗ್ರಾಮೀಣ ಪ್ರಮಾಣಪತ್ರಕ್ಕೆ ಸಹಿ ಬೀಳಬೇಕಾದದ್ದು ತರೀಕೆರೆಯ ಶಿಕ್ಷಣ ಕಚೇರಿಯಲ್ಲಿ. ಊರಿನ ಶಾಲೆಯ ದಾಖಲಾತಿ ನಕಲು ಹಿಡಿದು ಹೋದೆ. ಅದನ್ನು ಬಿಡಿಸಿ ಕೂಡ ನೋಡಿರಲಿಲ್ಲ. ಗುಮಾಸ್ತರು ಬೆರಳಿಟ್ಟು ಓದುತ್ತ ಒಂದು ಸಾಲಿನಲ್ಲಿ ನಿಲ್ಲಿಸಿದರು.

“ಮೂರು ಮುಗ್ಸಿ ಟಿಸಿ ತಗೊಂಡಿದೀಯ. ಮತ್ತೆ ಸೇರಿರೋದು ಐದಕ್ಕೆ. ನಾಲ್ಕನೇ ಕ್ಲಾಸು ಎಲ್ಲಿ ಓದ್ದೆ ತಾಯಿ?”

“ಇಲ್ಲೇ ಸಾರ್, ತರೀಕೆರೇಲಿ. ಚಿಕ್ಕಮ್ಮನ ಮನೇಲಿದ್ದೆ. ಒಂದೇ ವರ್ಷ.”

“ಇದು ಪುರಸಭೆ ಕಣಮ್ಮ, ಹಳ್ಳಿ ಅಲ್ಲ. ಹತ್ತಕ್ಕೆ ಹತ್ತೂ ವರ್ಷ ಹಳ್ಳೀಲೇ ಓದಿರ್ಬೇಕು. ಒಂದು ಕಮ್ಮಿ ಆದ್ರೂ ಬರಲ್ಲ.”

ನಿಜ ಹೇಳಬೇಕೆಂದರೆ, ಆ ವರ್ಷವನ್ನು ನಾನು ಓದಿನ ಲೆಕ್ಕಕ್ಕೇ ಸೇರಿಸಿರಲಿಲ್ಲ. ನಮ್ಮ ಮನೆಯಲ್ಲಿ ಅದು ಅಮ್ಮನಿಗೆ ಟಿಬಿ ಆದ ವರ್ಷ, ಅಷ್ಟೆ. ಕಾಯಿಲೆ ನನಗೂ ಅಂಟದಿರಲೆಂದು ಚಿಕ್ಕಮ್ಮ ಬಂದು ಕರೆದುಕೊಂಡು ಹೋಗಿದ್ದಳು, ಮನೆ ಎದುರಿನ ಶಾಲೆಗೆ ಸೇರಿಸಿದ್ದಳು. ಅಲ್ಲಿ ಕಲಿತ ಮಗ್ಗಿ ನೆನಪಿಲ್ಲ. ಭಾನುವಾರ ಬರುತ್ತಿದ್ದ ಅಪ್ಪನ ಮುಖ ನೋಡಿ, ಅಮ್ಮ ಇದ್ದಾಳೋ ಇಲ್ಲವೋ ಎಂದು ಊಹಿಸುತ್ತಿದ್ದುದು ನೆನಪಿದೆ. ಅಮ್ಮ ಹುಷಾರಾದಳು. ನಾನು ಊರಿಗೆ ಮರಳಿದೆ.

ಕಚೇರಿಯಿಂದ ಹೊರಬಂದೆ. ಸೀಟೂ ಇಲ್ಲ, ಕೆಲಸವೂ ಇಲ್ಲ. ಮೊದಲು ನನ್ನ ಮೇಲೇ ಅಸಹ್ಯವಾಯಿತು. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಚಿಕ್ಕಮ್ಮನ ಮೇಲೆ ಕೋಪ ಬಂತು. ಯಾಕೆ ಬೇಕಿತ್ತು ಆ ಶಾಲೆ? ಒಂದು ವರ್ಷ ಆಡಿಕೊಂಡಿರಲಿ ಎಂದು ಬಿಟ್ಟಿದ್ದರೆ ಏನಾಗುತ್ತಿತ್ತು? ಕೇಳಿಯೇಬಿಡಬೇಕೆಂದು ನೆಟ್ಟಗೆ ಅವಳ ಮನೆಗೆ ಹೋದೆ.

ಚಿಕ್ಕಮ್ಮ ಒಲೆಯ ಮೇಲೆ ಹಾಲಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

“ಸೀಟು ಏನಾಯ್ತೇ?”

“ಸಿಗ್ಲಿಲ್ಲ.”

ಅವಳ ಮುಖ ಸಣ್ಣದಾಯಿತು. “ಎದುರುಗಡೆ ಸ್ಕೂಲ್ ಮೇಷ್ಟ್ರು ಮುಂದೆ ಏನಾಗ್ತೀಯ ಅಂತ ಕೇಳ್ದಾಗ, ಡಾಕ್ಟ್ರಾಗಿ ನಮ್ಮಮ್ಮನ್ನ ಹುಷಾರು ಮಾಡ್ತೀನಿ ಅಂದಿದ್ದೆ ಕಣೇ ನೀನು. ನಮ್ಮನೇಲಿದ್ದಾಗ್ಲೇ ಅಂದಿದ್ದು ಅಂತ ಬೀದಿಗೆಲ್ಲ ಹೇಳ್ಕೊಂಡು ತಿರುಗಿದೀನಿ. ಯಾಕೇ ಸಿಗ್ಲಿಲ್ಲ?”

ದಾಖಲಾತಿ ನಕಲು ನನ್ನ ಚೀಲದಲ್ಲೇ ಇತ್ತು. ಚೀಲವನ್ನು ಕಾಲ ಬಳಿ ಸರಿಸಿಕೊಂಡೆ.

“ಮಾರ್ಕ್ಸ್ ಸಾಲ್ಲಿಲ್ಲ ಚಿಕ್ಕಮ್ಮ. ನಾನು ಸರಿಯಾಗಿ ಓದ್ಲಿಲ್ಲ.”

“ಕೆಲ್ಸ ಮಾಡ್ಕೊಂಡು ಓದೋದು ಅಂದ್ರೆ ಸುಮ್ನೇನಾ?” ಎಂದು ತಲೆ ಸವರಿದಳು. “ಈಗ ಹೆಂಗೂ ಬಿಟ್ಟಿದೀಯಲ್ಲ. ಇನ್ನೊಂದು ವರ್ಷ ಇಲ್ಲೇ ನಮ್ಮನೇಲಿದ್ದು ಓದು.”

ಹೂಂ ಎಂದು, ಅವಳು ಕೊಟ್ಟ ಹಾಲು ಕುಡಿದೆ.