ಐದು ನಿಮಿಷ ಹಿಂದಿನ ಆಕಾಶ

ವಿಮಾನದಲ್ಲಿ ಹಾಕಿಕೊಳ್ಳುತ್ತಿದ್ದ ನನ್ನ ಹೆಡ್‌ಸೆಟ್ ಈಗ ಸ್ಟೋರ್ ರೂಮಿನಲ್ಲಿ, ಹಳೆಯ ಛತ್ರಿಗಳ ಪಕ್ಕದ ಮೊಳೆಗೆ ನೇತುಬಿದ್ದಿದೆ. ಕಿವಿಯ ಮೆತ್ತೆಗಳು ಒಣಗಿ ಸಿಪ್ಪೆ ಏಳುತ್ತಿವೆ. ಬಿಸಾಕಲಾ ಎಂದು ಕೆಲಸದವಳು ಕೇಳಿದಾಗಲೆಲ್ಲ ಬೇಡ ಎನ್ನುತ್ತೇನೆ. ಕಾರಣ ಹೇಳುವುದಿಲ್ಲ.

ನಮ್ಮ ಯಜಮಾನರು ಡಾಕ್ಟರು, ಅವರ ತಾತ ಮೈಸೂರು ಅರಮನೆಯ ಡಾಕ್ಟರಾಗಿದ್ದವರು. ನಡುವಯಸ್ಸಿನಲ್ಲಿ ಅವರಿಗೆ ವಿಮಾನ ಹಾರಿಸುವ ಹುಚ್ಚು ಹತ್ತಿತು. ಪ್ರೈವೇಟ್ ಪೈಲಟ್ ಲೈಸೆನ್ಸ್ ತೆಗೆದುಕೊಂಡರು. ಇಬ್ಬರು ಸ್ನೇಹಿತರ ಜೊತೆ ಸೇರಿ ನಾಲ್ಕು ಸೀಟಿನ ಹಳೆಯ ಪುಟ್ಟ ವಿಮಾನ ಕೊಂಡರು. ಅದು ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿನ ಹ್ಯಾಂಗರಿನಲ್ಲಿ ನಿಲ್ಲುತ್ತದೆ. ಎಡಗಡೆಯ ಸೀಟು ಅವರದು, ಬಲಗಡೆಯದು ನನ್ನದು. ಆ ಸ್ನೇಹಿತರ ಹೆಂಡತಿಯರು ವಿಮಾನದ ಹತ್ತಿರ ನಿಂತು ಫೋಟೋ ತೆಗೆಸಿಕೊಂಡರೇ ಹೊರತು ಹತ್ತಲಿಲ್ಲ. ನಾನು ಹತ್ತಿದೆ. ಕಾನ್ವೆಂಟಿನಲ್ಲಿ ನಮ್ಮ ಜಿಯಾಗ್ರಫಿ ಸಿಸ್ಟರ್ ಕ್ಯುಮುಲಸ್, ನಿಂಬಸ್, ಸಿರಸ್ ಎಂದು ಮೋಡಗಳ ಹೆಸರನ್ನು ಬಾಯಿಪಾಠ ಮಾಡಿಸಿದ್ದರು. ಮದುವೆಯಾದ ಮೇಲೆ ಎಲ್ಲೂ ಉಪಯೋಗಕ್ಕೆ ಬಾರದಿದ್ದ ಆ ವಿದ್ಯೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

ಹೊರಡುವ ಮೊದಲು ಅವರು ಫೋನಿನಲ್ಲಿ ಹವಾಮಾನದ ಬ್ರೀಫಿಂಗ್ ತೆಗೆದುಕೊಳ್ಳುತ್ತಿದ್ದರು. ನಾನು ನನ್ನದೇ ಬ್ರೀಫಿಂಗ್ ತೆಗೆದುಕೊಳ್ಳುತ್ತಿದ್ದೆ. ನಾವು ಹಾರುವ ದಾರಿಯುದ್ದಕ್ಕೂ ಕೆಳಗೆ ನನ್ನ ಜೊತೆ ಓದಿದವರಿದ್ದರು. ಚಾಮರಾಜನಗರದಲ್ಲಿ ಒಬ್ಬಳು ನನ್ ಆಗಿ ಕಾನ್ವೆಂಟ್ ಸೇರಿದ್ದಳು, ಗುಂಡ್ಲುಪೇಟೆಯಲ್ಲಿ ಇನ್ನೊಬ್ಬಳು ಸೊಸೆಯಂದಿರನ್ನು ಆಳಿಕೊಂಡಿದ್ದಳು. ಅವರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳುತ್ತಿದ್ದೆ: ಬೆಟ್ಟ ಕಾಣುತ್ತಿದೆಯಾ? ಒಣಗಿಹಾಕಿದ ಬಟ್ಟೆ ಒಳಗೆ ತಂದೆಯಾ? ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಯಾರೂ ಖಚಿತವಾಗಿ ಹೇಳುವುದಿಲ್ಲ. ಬಟ್ಟೆ ಎತ್ತಿದ ಹೆಂಗಸು ಮಾತ್ರ ಆಕಾಶ ನೋಡಿ ತೀರ್ಮಾನ ಮಾಡಿರುತ್ತಾಳೆ. ಮೊದಮೊದಲು ಯಜಮಾನರೂ ಷೂ ಹಾಕಿಕೊಳ್ಳುತ್ತಾ, "ಏನಂತೆ ನಿಮ್ಮ ಬಟ್ಟೆ ಡಿಪಾರ್ಟ್‌ಮೆಂಟು?" ಎಂದು ಕೇಳುತ್ತಿದ್ದರು. ತಮಾಷೆಯಾದರೂ ಕೇಳುತ್ತಿದ್ದರು. ಬಟ್ಟೆ ಒಳಗೆ ಎಂದರೆ ಹೊರಡುತ್ತಿರಲಿಲ್ಲ.

ಆಮೇಲೆ ಟ್ಯಾಬ್ಲೆಟ್ ಬಂತು. ಅದರ ಜೊತೆ ವಿಮಾನದ ಮುಂದಿನ ಗಾಜಿನ ಬಳಿ ಇಡುವ ಒಂದು ಡಬ್ಬಿ. ಆ ಡಬ್ಬಿ ಸ್ಯಾಟಲೈಟ್‌ನಿಂದ ಮಳೆಯ ಚಿತ್ರ ಇಳಿಸಿಕೊಂಡು ಪರದೆಗೆ ಕೊಡುತ್ತಿತ್ತು. ಹಗುರ ಮಳೆಗೆ ಹಸಿರು, ಗುಡುಗು ಸಿಡಿಲಿನ ಮಳೆಗೆ ಕೆಂಪು. ಎಲ್ಲಿ ಹಾರಬಾರದೋ ಆ ಆಕಾಶದ ಸುತ್ತ ಒಂದು ಗೆರೆ. ಮೂಲೆಯಲ್ಲಿ ಚಿತ್ರ ಎಷ್ಟು ನಿಮಿಷ ಹಿಂದಿನದು ಎಂಬ ಅಂಕಿ. ನೋಡಲು ಚೆಂದವಿತ್ತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಅದು ಬಂದ ವಾರದಿಂದ "ಏನಂತೆ" ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ನಿಂತುಹೋಯಿತು.

ದಸರಾ ಹತ್ತಿರವಾಗಿದ್ದ ಒಂದು ಮಧ್ಯಾಹ್ನ ನಾವು ಕೊಯಮತ್ತೂರಿನಿಂದ ವಾಪಸ್ ಹೊರಟಿದ್ದೆವು. ಬನ್ನಿಮಂಟಪದ ಮೇಲೆ ಏರ್ ಶೋದ ರಿಹರ್ಸಲ್ ಇದ್ದುದರಿಂದ ನಾಲ್ಕು ಗಂಟೆಯ ಮೇಲೆ ಮೈಸೂರಿನ ಆಕಾಶ ಬಂದ್ ಎಂದು ಗೊತ್ತಿತ್ತು. ಅಷ್ಟರೊಳಗೆ ಇಳಿದುಬಿಡಬಹುದು ಎಂದು ಅವರ ಲೆಕ್ಕ. ಬೆಲ್ಟ್ ಹಾಕಿಕೊಳ್ಳುತ್ತಿರುವಾಗ ಗುಂಡ್ಲುಪೇಟೆಯವಳ ಫೋನ್ ಬಂತು.

"ಲೇ, ಈಗಷ್ಟೇ ಬಟ್ಟೆ ಎಲ್ಲಾ ಒಳಗೆ ತಂದ್ಬುಟ್ಟೆ ಕಣೇ. ಗೋಪಾಲಸ್ವಾಮಿ ಬೆಟ್ಟ ಪೂರ್ತಿ ಮಾಯ. ನಮ್ಮನೆ ತೆಂಗಿನ ಮರ ನೆಲ ಮುಟ್ಟೋ ಹಂಗೆ ಬಗ್ತಾ ಇದೆ. ಅಲ್ಲೇ ಕಾಫಿ ಕುಡ್ಕೊಂಡು ನಿಧಾನಕ್ಕೆ ಹೊರಡಿ."

ನಾನು ಹೇಳಿದೆ. ಅವರು ನಕ್ಕರು.

"ನಿನ್ನ ಫ್ರೆಂಡು ನಲ್ಲಿ ತೊಟ್ಟಿಕ್ಕಿದ್ರೂ ಹಪ್ಪಳ ಎತ್ತಿಡೋಳು. ನೋಡಿಲ್ಲಿ. ಕೆಂಪು ಇರೋದು ಬಂಡೀಪುರದ ಆಚೆ. ಈ ಕಡೆ ಒಂದು ಚೂರು ಹಸಿರು. ಮಧ್ಯ ಗ್ಯಾಪ್ ಇದೆ, ಬ್ಯೂಟಿಫುಲ್ ಗ್ಯಾಪ್."

"ಅದು ಎಷ್ಟೊತ್ತಿನ ಚಿತ್ರ ರೀ?"

"ಐದು ನಿಮಿಷದ್ದು. ನಿನ್ನ ಫ್ರೆಂಡಿಗಿಂತ ಸ್ಯಾಟಲೈಟ್ ಎತ್ತರದಲ್ಲಿದೆ ಕಣೇ!"

ಹೊರಟೆವು. ಘಾಟಿ ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ನಾನು ಒಮ್ಮೆ ಪರದೆ, ಒಮ್ಮೆ ಕಿಟಕಿ ನೋಡತೊಡಗಿದೆ. ಪರದೆಯಲ್ಲಿ ಗ್ಯಾಪ್ ಇದ್ದ ಜಾಗದಲ್ಲಿ, ಗಾಜಿನಾಚೆ ಕಪ್ಪು ಗೋಡೆ ಎದ್ದಿತ್ತು. ಅಂಕಿ ಮಾತ್ರ ಐದು ನಿಮಿಷ ಎನ್ನುತ್ತಲೇ ಇತ್ತು. "ಎದುರುಗಡೆ ನೋಡ್ರೀ," ಎಂದೆ. ಅವರು ಪರದೆ ನೋಡಿದರು. "ಇದೇ ಗ್ಯಾಪು, ಆಚೆ ಬೆಳಕಿರುತ್ತೆ," ಎಂದು ವಿಮಾನದ ಮೂತಿಯನ್ನು ಅತ್ತಲೇ ಇಟ್ಟರು.

ಒಳಗೆ ಹೋದೆವೋ ಇಲ್ಲವೋ, ಯಾರೋ ವಿಮಾನವನ್ನು ಕೈಯಲ್ಲಿ ಹಿಡಿದು ಒದರಿದಂತಾಯಿತು. ಕಾಫಿ ಫ್ಲಾಸ್ಕು ಛಾವಣಿಗೆ ಬಡಿದು ನನ್ನ ಭುಜದ ಮೇಲೆ ಬಿತ್ತು. ಮಳೆ ಗಾಜಿನ ಮೇಲೆ ಹೊಡೆಯುತ್ತಿದ್ದ ಸದ್ದಿಗೆ ಹೆಡ್‌ಸೆಟ್ಟಿನೊಳಗಿನ ಅವರ ಉಸಿರೂ ಕೇಳುತ್ತಿರಲಿಲ್ಲ. ಟ್ಯಾಬ್ಲೆಟ್ ಕಳಚಿ ಅವರ ಕಾಲ ಬಳಿ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲು ಬಗ್ಗಿದರು! ಆಗ ನಾನು ಕಿರುಚಿದೆ: "ಬಿಡ್ರೀ ಅದನ್ನ! ಬಲಕ್ಕೆ! ನನ್ನ ಕಡೆ ಬೆಳಕಿದೆ, ಬಲಕ್ಕೆ ತಿರುಗಿಸಿ!" ತಿರುಗಿಸಿದರು. ಎಷ್ಟು ಹೊತ್ತಾಯಿತೋ, ತಟ್ಟನೆ ಕೆಳಗೆ ಹೊಲಗಳು ಕಂಡವು.

ಅಷ್ಟಕ್ಕೇ ಮುಗಿಯಲಿಲ್ಲ. ಮೈಸೂರಿನ ಟವರ್ ಅನ್ನು ಕರೆದರೆ, ಸಂಜೆ ಮಳೆಯ ಸೂಚನೆ ಇದ್ದುದರಿಂದ ರಿಹರ್ಸಲ್ ಅನ್ನೇ ಮುಂಚೆ ಶುರುಮಾಡಿದ್ದಾರೆ, ಹೆಲಿಕಾಪ್ಟರುಗಳು ಮೇಲಿವೆ, ಹತ್ತಿರ ಬರಬೇಡಿ ಎಂದರು. ಅಷ್ಟರಲ್ಲಿ ಮತ್ತೆ ಎತ್ತಿಟ್ಟುಕೊಂಡಿದ್ದ ನಮ್ಮ ಪರದೆಯಲ್ಲಿ ಊರಿನ ಆಕಾಶ ಇನ್ನೂ ತೆರೆದೇ ಇತ್ತು. ಬೆಳಿಗ್ಗೆ ಹೇಳಿದ್ದ ನಾಲ್ಕು ಗಂಟೆಯನ್ನೇ ಹಿಡಿದುಕೊಂಡು ಕೂತಿತ್ತು. "ನನ್ನ ಸ್ಕ್ರೀನಲ್ಲಿ ಹಾಗೆ ಇಲ್ಲವಲ್ಲಾ!" ಎಂದು ಇವರು ರೇಡಿಯೋದಲ್ಲಿ ಇಂಗ್ಲಿಷಿನಲ್ಲಿ ರೇಗಿದರು. "ಸಾರ್, ನಿಮ್ಮ ಸ್ಕ್ರೀನ್ ನನ್ನ ಹತ್ತಿರ ಇಲ್ಲ," ಎಂದಿತು ಆ ಕಡೆಯ ಹೆಣ್ಣು ದನಿ, ತಣ್ಣಗೆ, ಅದೇ ಇಂಗ್ಲಿಷಿನಲ್ಲಿ. ಹಿಂದೆ ಗುಡುಗು, ಮುಂದೆ ಬಂದ್ ಆದ ಆಕಾಶ. ಪೂರ್ವಕ್ಕೆ ತಿರುಮಕೂಡಲಿನ ಸಂಗಮ ಬಿಸಿಲಿಗೆ ಹೊಳೆಯುತ್ತಿತ್ತು. ಅಲ್ಲಿ ಸುತ್ತು ಹಾಕೋಣ ಎಂದೆ. ಟವರಿನವರೂ ಆಗಲಿ ಎಂದರು. ಇಳಿಯಲು ಕರೆಯುವವರೆಗೂ ಎರಡು ನದಿಗಳ ಮೇಲೆ ಹದ್ದಿನ ಹಾಗೆ ಸುತ್ತಿದೆವು. ಇವರ ಕಣ್ಣು ಪೆಟ್ರೋಲಿನ ಮುಳ್ಳಿನ ಮೇಲೆ, ನನ್ನ ಕಣ್ಣು ಮೋಡದ ಮೇಲೆ.

ಹ್ಯಾಂಗರಿನಲ್ಲಿ ಟೀ ಕೊಟ್ಟರು. ಅಲ್ಲಿ ಹಾರುವುದನ್ನು ಕಲಿಸುವ ಹುಡುಗಿಯೊಬ್ಬಳಿದ್ದಾಳೆ, ನನ್ನನ್ನು ಆಂಟಿ ಎನ್ನುತ್ತಾಳೆ. ನಮ್ಮ ಮುಖ ನೋಡಿ ಏನಾಯಿತೆಂದು ಕೇಳಿದಳು. ಕೇಳಿದ ಮೇಲೆ ಮೆಲ್ಲಗೆ ಹೇಳಿದಳು: "ಸಾರ್, ಆ ಐದು ನಿಮಿಷ ಅನ್ನೋದು ಚಿತ್ರ ರೆಡಿಯಾದ ಹೊತ್ತಿಂದ. ರೇಡಾರು ಮಳೆ ನೋಡಿದ್ದು ಅದಕ್ಕಿಂತ ಎಷ್ಟೋ ಮುಂಚೆ. ಊರೂರಿನ ರೇಡಾರಿಂದು ಎಲ್ಲಾ ಒಟ್ಟು ಸೇರಿಸಿ, ಮೇಲೆ ಕಳಿಸಿ, ಅಲ್ಲಿಂದ ನಿಮ್ಮ ಟ್ಯಾಬಿಗೆ ಬರೋ ಅಷ್ಟರಲ್ಲಿ ಮೋಡ ಊರು ಬಿಟ್ಟಿರುತ್ತೆ. ದೂರದಿಂದ ಸುತ್ತಿಕೊಂಡು ಹೋಗೋಕೆ ಓಕೆ. ಸಂದಿ ಹುಡುಕ್ಕೊಂಡು ನುಗ್ಗೋಕಲ್ಲ ಸಾರ್."

"ಗೊತ್ತಮ್ಮ, ಗೊತ್ತು," ಎಂದರು ಯಜಮಾನರು. ಆಮೇಲೆ ಸುತ್ತ ನಿಂತವರ ಕಡೆ ತಿರುಗಿ, "ಆದ್ರೂ ಅದೇ ನಮ್ಮನ್ನ ಕಾಪಾಡಿದ್ದು ಕಣ್ರೀ. ಸ್ಕ್ರೀನ್ ನೋಡ್ಕೊಂಡೇ ಬಲಕ್ಕೆ ತಿರುಗಿಸಿದೆ," ಎಂದರು.

ಬಲಕ್ಕೆ ತಿರುಗಿಸಿದಾಗ ಟ್ಯಾಬ್ಲೆಟ್ ಅವರ ಕಾಲಡಿ ಬೋರಲು ಬಿದ್ದಿತ್ತು. ನನ್ನ ಭುಜ ಇನ್ನೂ ಚುರುಗುಟ್ಟುತ್ತಿತ್ತು. ನಾಲ್ಕು ಜನರ ಮುಂದೆ ಗಂಡಸರ ಮಾತಿಗೆ ಎದುರಾಡುವುದು ಅನ್‌ಲೇಡಿಲೈಕ್, ಹೆಣ್ಣಿಗೆ ಒಪ್ಪುವುದಲ್ಲ ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಟೀ ಕಪ್ಪನ್ನು ಸಾಸರಿನ ಮೇಲೆ ಸದ್ದಾಗದಂತೆ ಇಟ್ಟೆ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಮುಂದಿನ ತಿಂಗಳು ಇನ್ನೂ ದೊಡ್ಡ ಟ್ಯಾಬ್ಲೆಟ್ ಬಂತು. ಅದಕ್ಕೊಂದು ಸ್ಟ್ಯಾಂಡು. ಆ ಸ್ಟ್ಯಾಂಡು ಬಲಗಡೆಯ ಸೀಟಿನ ಮುಂದೆ ಕೂತಿತು. "ನೀನು ಕೂತರೆ ಮೊಣಕಾಲಿಗೆ ತಗಲುತ್ತೆ," ಎಂದರು. "ಅಲ್ಲದೆ ನಿನಗೆ ಬೀಪಿ ಬೇರೆ. ಅವತ್ತು ಎಷ್ಟು ಕಿರುಚಿಬಿಟ್ಟೆ ನೀನು." ಹಿಂದಿನ ಸೀಟಿನಲ್ಲಿ ಬೇಕಾದರೆ ಬಾ ಎಂದೂ ಹೇಳಿದರು, ಅತಿಥಿಗೆ ಹೇಳುವ ಹಾಗೆ. ನಾನು ಹೋಗಲಿಲ್ಲ. ಸಿಟ್ಟು ತಣಿದ ಮೇಲೆ ಕರೆಯಬಹುದು ಎಂದು ಒಂದಷ್ಟು ದಿನ ಹೆಡ್‌ಸೆಟ್ಟನ್ನು ಹಾಲಿನ ಶೆಲ್ಫಿನಲ್ಲೇ ಇಟ್ಟಿದ್ದೆ. ಅವರಿಗೆ ಸಿಟ್ಟೇ ಇರಲಿಲ್ಲ. ಎದುರು ಮಾತಾಡದ ಆಕಾಶ ಸಿಕ್ಕಿತ್ತು, ಅಷ್ಟೇ. ಅರಮನೆ ಡಾಕ್ಟರ ಮೊಮ್ಮಗ ಹೆಂಡತಿಯ ಕಣ್ಣಿನಿಂದ ಬದುಕಿದ್ದು ಎಂದು ಹ್ಯಾಂಗರಿನಲ್ಲಿ ಹೇಳಿಕೊಳ್ಳುವುದು ಹೇಗೆ?

ಈಗಲೂ ಹಾರುತ್ತಾರೆ. ಗೇಟಿನವರೆಗೆ ಹೋಗಿ ಕಳಿಸಿ ಬರುತ್ತೇನೆ. ಬರುವವರೆಗೆ ಟೆರೇಸಿನಲ್ಲಿ ಏನಾದರೂ ಕೆಲಸ ಹಚ್ಚಿಕೊಳ್ಳುತ್ತೇನೆ.

ಹೋದ ವಾರ ಅವರು ಷೂ ಹಾಕಿಕೊಳ್ಳುತ್ತಿದ್ದಾಗ ಗುಂಡ್ಲುಪೇಟೆಯವಳು ಫೋನ್ ಮಾಡಿದಳು. "ಬಟ್ಟೆ ತಂದೆ ಕಣೇ. ನಿಮ್ಮೋರು ಹಾರ್ತಾ ಇದಾರಾ? ಹೇಳು ಅವರಿಗೆ." ಹೇಳಿದೆ. ಅವರು ಪರದೆಯನ್ನು ನನ್ನತ್ತ ತಿರುಗಿಸಿ, ಏನೂ ಇಲ್ಲದ ಬಿಳಿಯ ಜಾಗಕ್ಕೆ ಬೆರಳಿಟ್ಟು ತೋರಿಸಿ ಹೊರಟುಹೋದರು. ನಾನು ಮೇಲೆ ಹೋಗಿ ನಮ್ಮ ಬಟ್ಟೆಗಳನ್ನೂ ಎತ್ತಿಕೊಂಡು ಬಂದೆ.

ಸ್ವಲ್ಪ ಹೊತ್ತಿಗೆಲ್ಲ ಕಾರು ವಾಪಸ್ ಬಂತು. ಮಳೆಯಲ್ಲಿ ತೊಯ್ದಿದ್ದರು. ಟವರಿನವರು ಬೇಡ ಎಂದರಂತೆ. ನಾನು ಹೇಳಿದ್ದು ನೆನಪಾಯಿತೋ ಇಲ್ಲವೋ, ಅದರ ಸುದ್ದಿಯೇ ಎತ್ತಲಿಲ್ಲ. ತಲೆ ಒರೆಸಿಕೊಳ್ಳುತ್ತಾ ಕೇಳಿದರು: "ನನ್ನ ನೀಲಿ ಶರ್ಟು ಮೇಲೆ ಒಣಗಿಹಾಕಿದ್ದೆ ಅಲ್ವಾ? ನೆಂದುಹೋಯ್ತೇನೋ."

"ಇಲ್ಲ," ಎಂದೆ. "ಮಡಿಸಿ ಇಟ್ಟಿದ್ದೀನಿ."

ಹಾಕಿಕೊಂಡು ಟಿವಿ ಮುಂದೆ ಕೂತರು.