ಇಳಿಯದೇ ಉಳಿದ ವಿಮಾನ

ಚೌಕದ ಬ್ಯಾಟರಿಯ ಎರಡು ಮೂತಿಯನ್ನೂ ನಾಲಿಗೆಯ ತುದಿಗೆ ತಾಗಿಸಿಕೊಂಡು, ಸಾರಿಗೆ ಉಪ್ಪು ಸಾಕೇ ಎಂದು ನೋಡುವವರ ಹಾಗೆ ಕಣ್ಣು ಮುಚ್ಚಿ, “ಇನ್ನ ಎಂಟು ದಿನ ಬರ್ತೈತಿ” ಎಂದುಬಿಡುತ್ತಿದ್ದರು ನಮ್ಮ ಸಿಗ್ನಲ್ ಮಾಮ. ಎಂಟಲ್ಲದಿದ್ದರೆ ಏಳು ದಿನ ಬರುತ್ತಿತ್ತು, ಒಂಬತ್ತಂತೂ ಬಂದದ್ದಿಲ್ಲ. ಮೀಟರ್ ಇರಲಿಲ್ಲ ಎಂದಲ್ಲ. ಚರ್ಮದ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದನ್ನು ಯಾಕೆ ತೆಗೆಯುವುದಿಲ್ಲ ಎಂದು ಕೇಳಿದರೆ, “ಮೀಟರಿನೊಳಗೂ ಬ್ಯಾಟರಿ ಐತೆಲ್ಲ ತಂಗೀ, ಅದನ್ನ ಯಾರು ನೋಡಬೇಕು?” ಎನ್ನುತ್ತಿದ್ದರು. ಎಡಗೈ ಹೆಬ್ಬೆರಳ ತುಂಬ ಬೆಸುಗೆಯ ಸೀಸ ಸಿಡಿದು ಸುಟ್ಟ ಕಪ್ಪು ಚುಕ್ಕೆಗಳು. ಆ ಬೆರಳಿಗೆ ಬಿಸಿ ತಾಗುವುದೇ ನಿಂತುಹೋಗಿತ್ತು.

ನಾವಿದ್ದದ್ದು ಮದ್ರಾಸಿನ ಪುರಸೈವಾಕ್ಕಂನಲ್ಲಿ, ಬಟ್ಟೆ ಅಂಗಡಿಗಳ ಬೀದಿಯ ಹಿಂದಿನ ಒಂದು ವಠಾರದಲ್ಲಿ. ಮಹಡಿಯ ಮೇಲೆ ಎರಡೇ ಮನೆ, ಒಂದು ನಮ್ಮದು, ಒಂದು ಅವರದು. ನಾವು ಮೈಸೂರು ಕಡೆಯವರು, ಅವರು ಹುಬ್ಬಳ್ಳಿಯಿಂದ ರೈಲ್ವೆ ಸಿಗ್ನಲ್ ವರ್ಕ್‌ಶಾಪಿಗೆ ವರ್ಗವಾಗಿ ಬಂದವರು. ಅವರ ಕಡೆ ಕಾಕಾ ಎನ್ನಬೇಕಂತೆ. ಮದ್ರಾಸಿನಲ್ಲಿ ಹುಟ್ಟಿದ ನನಗೆ ಗಡ್ಡ ಮೀಸೆ ಬಂದವರೆಲ್ಲ ಮಾಮಂದಿರೇ. ನನ್ನ ಕನ್ನಡ ಕೇಳಿ, “ಇದು ಕನ್ನಡಾನೋ, ತಮಿಳಿಗೆ ಕನ್ನಡದ ಅಂಗಿ ತೊಡಿಸೀಯೋ?” ಎಂದು ರೇಗಿಸುತ್ತಿದ್ದರು. ನಾನೂ ಬಾಯಿ ಮುಚ್ಚಿಕೊಂಡಿರುವವಳಲ್ಲ. “ನಿಮ್ಮ ಕನ್ನಡಕ್ಕೆ ಮೊದಲು ಎಣ್ಣೆ ಹಾಕಿಸಿಕೊಳ್ಳಿ ಮಾಮ, ಕಿರುಗುಟ್ಟುತ್ತೆ” ಎನ್ನುತ್ತಿದ್ದೆ.

ಆ ಮನೆಯಲ್ಲಿ ಇದ್ದದ್ದು ಇಬ್ಬರೇ, ಮಾಮ ಮತ್ತು ಅವರ ತಮ್ಮ. ತಮ್ಮ ಮಲಗಿದಲ್ಲೇ. ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಕ್ರೇನಿನ ಸರಪಳಿ ಜಾರಿ ತಗಡಿನ ಕಟ್ಟು ಕತ್ತಿನ ಮೇಲೆ ಬಿದ್ದಿತ್ತು. ಕತ್ತಿನಿಂದ ಕೆಳಗೆ ಬಲಗೈಯ ಎರಡು ಬೆರಳು ಬಿಟ್ಟು ಬೇರೇನೂ ಅವನ ಮಾತು ಕೇಳುತ್ತಿರಲಿಲ್ಲ. ಆಗ ಅವನಿಗೆ ಇಪ್ಪತ್ತನಾಲ್ಕು. ಮಾಮ ಅದಾದ ಮೇಲೆ ಮದುವೆಯ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಎದ್ದು ತಮ್ಮನ ಮೈ ಒರೆಸಿ, ಮಗ್ಗುಲು ಬದಲಿಸಿ, ಉಣ್ಣಿಸಿ ಡ್ಯೂಟಿಗೆ ಹೋಗುತ್ತಿದ್ದರು. ಮಧ್ಯಾಹ್ನದ ಗಂಜಿ ನನ್ನ ಅಮ್ಮನ ಪಾಲಿಗೆ. ಸಂಜೆ ನಾನು ಇನ್ಶೂರೆನ್ಸ್ ಆಫೀಸಿನಿಂದ ಬಂದು ಸ್ವಲ್ಪ ಹೊತ್ತು ಪೇಪರ್ ಓದಿ ಹೇಳುತ್ತಿದ್ದೆ. ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ.

ಆ ಅಪಘಾತ ನಡೆದದ್ದು ಆಯುಧಪೂಜೆಯ ದಿನ. ಮಾಮನ ಕಡೆ ಅದಕ್ಕೆ ಖಂಡೇಪೂಜೆ ಎನ್ನುತ್ತಾರೆ. ನವಮಿಯ ದಿನ ದುಡಿಯುವ ಹತ್ಯಾರವನ್ನೆಲ್ಲ ತೊಳೆದು ದೇವಿಯ ಮುಂದಿಟ್ಟರೆ, ದಶಮಿಯ ಬೆಳಿಗ್ಗೆ ಮರುಪೂಜೆ ಆಗುವತನಕ ಮುಟ್ಟಬಾರದು. ಆ ಕ್ರೇನಿಗೂ ಕುಂಕುಮ ಹಚ್ಚಿ ಹೂ ಹಾಕಿ ಪೂಜೆ ಮಾಡಿದ್ದರಂತೆ. ಮಧ್ಯಾಹ್ನ ಅರ್ಜೆಂಟ್ ಲೋಡು ಬಂತೆಂದು ಮೇಸ್ತ್ರಿ ಮತ್ತೆ ಓಡಿಸಿದ. “ಪೂಜಿಗಿಟ್ಟಿದ್ದನ್ನ ಎಬ್ಬಿಸಿದ್ರು. ಅದು ನನ್ನ ತಮ್ಮನ್ನ ತಗೊಂತು” ಎಂದು ಮಾಮ ನನಗೆ ಒಮ್ಮೆ ಮಾತ್ರ ಹೇಳಿದ್ದರು. ಬೇರೆ ವಿಷಯದಲ್ಲಿ ಅವರು ದೇವರು ದಿಂಡರು ಎಂದು ಕೂತವರಲ್ಲ, ಹಣೆಗೆ ವಿಭೂತಿ ಇಟ್ಟುಕೊಂಡರೆ ಅಲ್ಲಿಗೆ ಮುಗಿಯಿತು. ಈ ಒಂದು ವಿಷಯದಲ್ಲಿ ಮಾತ್ರ ಎಳ್ಳಷ್ಟೂ ಜಗ್ಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಅವರ ಮನೆಗೆ ಕಂಪ್ಯೂಟರ್ ಬಂತು. ಕಂಪ್ಯೂಟರ್ ಎಂದರೆ ದೊಡ್ಡದೇನೂ ಅಲ್ಲ, ತಿಂಡಿ ಡಬ್ಬಿಯ ಮುಚ್ಚಳದಷ್ಟು ಅಗಲ, ರಬ್ಬರಿನ ಗುಂಡಿಗಳು, ಟೀವಿಗೆ ಸಿಕ್ಕಿಸಬೇಕು. ವರ್ಕ್‌ಶಾಪಿನ ಯಾರದೋ ನೆಂಟರು ಸಿಂಗಾಪುರದಿಂದ ತಂದು, ಹೊಸದು ಬಂದ ಮೇಲೆ ಬೇಡವೆಂದು ಬಿಟ್ಟದ್ದು. ಆಟಗಳೆಲ್ಲ ಕ್ಯಾಸೆಟ್ಟಿನಲ್ಲಿ. ಟೇಪ್‌ರೆಕಾರ್ಡರ್ ಹಚ್ಚಿದರೆ ಐದು ನಿಮಿಷ ಕರ್ರೋ ಕಿರ್ರೋ ಎಂದು ಅರಚಿ, ಆಮೇಲೆ ಟೀವಿಯಲ್ಲಿ ಆಟ ಮೂಡುತ್ತಿತ್ತು, ಮೂಡಿದರೆ. ಕೆಳಗಿನ ಮನೆಯ ಮಾಮಿ, “ಎನ್ನ ಸಾರ್ ಇದು, ಕಾದು ವಲಿಕ್ಕುದು” ಎಂದು ನೋಯುವ ಕಿವಿ ಮುಚ್ಚಿಕೊಂಡು ಮೇಲೆ ಬರುತ್ತಿದ್ದರು. ಎರಡು ಬೆರಳಿನ ಮನುಷ್ಯನಿಗೆ ಇದಕ್ಕಿಂತ ಬೇಕೇ! ಒಂದು ತಿಂಗಳು ಅಣ್ಣ ಚೆಂಡು ಹೊಡೆದ, ಇಟ್ಟಿಗೆ ಒಡೆದ. ಆಮೇಲೆ ಬೇಜಾರಾಯಿತು.

ನನ್ನ ಆಫೀಸಿನವರಿಂದ ಎರವಲು ತಂದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅವನು ವಿಮಾನ ಹಾರಿಸುವ ಹೊಸ ಆಟದ ಜಾಹೀರಾತು ನೋಡಿದ. ಅದೇ ಪುಟವನ್ನು ಮೂರು ಸಂಜೆ ತಿರುಗಿಸಿ ತಿರುಗಿಸಿ ತೋರಿಸು ಎಂದ. ನಾನು ತಲೆ ಕೆಟ್ಟು, “ಏನಣ್ಣ ಇದೆ ಅದರಲ್ಲಿ ಅಂಥದ್ದು?” ಎಂದೆ.

“ಏಳು ವರ್ಷ ಆತವಾ, ಕೆಳಗ ಮಲಗಿ ಮ್ಯಾಲಿನ ಫ್ಯಾನ್ ನೋಡಿ ನೋಡಿ. ಒಮ್ಮೆರ ಮ್ಯಾಲಿಂದ ಕೆಳಗ ನೋಡಬೇಕು.”

ಅದನ್ನು ಮಾಮ ಕೇಳಿಸಿಕೊಂಡರು. ಮುಂದಿನ ಶನಿವಾರವೇ ಬರ್ಮಾ ಬಜಾರಿಗೆ ಹೋಗಿ ಆ ಕ್ಯಾಸೆಟ್ಟು ಹುಡುಕಿ ತಂದರು. ಹಾಕಿದೆವು. ನಾಲ್ಕು ನಿಮಿಷ ಅರಚಿ ಟೀವಿ ಬೆಳ್ಳಗಾಗಿ, ಕಂಪ್ಯೂಟರ್ ಮೊದಲಿನಿಂದ ಶುರುವಾಯಿತು. ಮತ್ತೆ ಹಾಕಿದೆವು, ಮತ್ತೆ ಅದೇ ಗತಿ. ಕವರಿನ ಮೇಲಿನ ಸಣ್ಣಕ್ಷರ ಓದಿ ನಾನೇ ಹೇಳಿದೆ: ಈ ಆಟಕ್ಕೆ ಬೇಕಾದ ಮೆಮೊರಿ ನಮ್ಮ ಹಳೆಯ ಯಂತ್ರದಲ್ಲಿರುವುದರ ಮೂರು ಪಟ್ಟು. ಪಾವಿನಲ್ಲಿ ಸೇರು ಅಕ್ಕಿ ಹಿಡಿಸುವುದಿಲ್ಲ, ಬಿಡಿ ಎಂದೆ. ಮಾಮ ಸ್ಕ್ರೂ ಡ್ರೈವರ್ ತೆಗೆದುಕೊಂಡು ಅದರ ಹೊಟ್ಟೆ ಬಿಚ್ಚಿದರು.

ಒಳಗೆ ಹನ್ನೆರಡು ಖಾಲಿ ಜಾಗಗಳಿದ್ದವು. ಮುಂದೆ ಬೇಕಾದರೆ ಮೆಮೊರಿ ಚಿಪ್ಪು ಕೂಡಿಸಲೆಂದು ಮಾಡಿದವರೇ ಬಿಟ್ಟ ಜಾಗ. ಮಾಮನ ಮುಖ ನೋಡಬೇಕಿತ್ತು ಆಗ! “ಅಯ್ಯೋ ಶಿವನ, ಮನಿ ಕಟ್ಟಿ ಕೋಣಿಗೆ ಬೀಗ ಹಾಕಿಟ್ಟಾರಲ್ಲೋ ತಮ್ಮಾ!” ಎಂದು ಕೂಗಿದರು. ಅಲ್ಲಿಂದ ಮೂರು ತಿಂಗಳು ಪ್ರತಿ ಶನಿವಾರ ರಿಚಿ ಸ್ಟ್ರೀಟಿನ ಬಿಡಿಭಾಗದ ಅಂಗಡಿಗಳು. ಒಂದು ವಾರ ಎರಡು ಚಿಪ್ಪು ಸಿಕ್ಕರೆ ಇನ್ನೊಂದು ವಾರ ಬರಿಗೈ. ನಾನು ಪತ್ರಿಕೆಯ ನಕ್ಷೆ ಓದಿ ಹೇಳಬೇಕು, ಅವರು ಬೆಸೆಯಬೇಕು. ನನಗೆ ಸಹನೆ ಎಂಬುದು ದೇವರು ಕೊಟ್ಟದ್ದಲ್ಲ. ಬೇಗ ಬೇಗ ಎಂದರೆ, “ಆತುರಗಾರಗ ಬುದ್ಧಿ ಮಟ್ಟ” ಎಂದು ಗದರಿ, ಚಿಪ್ಪಿನ ಒಂದೊಂದು ಕಾಲನ್ನೂ ಉಸಿರು ಹಿಡಿದು ಬೆಸೆಯುತ್ತಿದ್ದರು. ಕರೆಂಟ್ ಕೊಟ್ಟು ಬೆರಳಿಟ್ಟು ನೋಡುವುದು ಅವರ ಪರೀಕ್ಷೆ. ಸುಟ್ಟ ಎಡಗೈ ಬೆರಳಲ್ಲ, ಬಲಗೈಯದು. “ಸತ್ತದ್ದು ತಣ್ಣಗಿರ್ತೈತಿ, ಕೆಟ್ಟದ್ದು ಸುಡ್ತೈತಿ, ಚಲೋದು ಬೆಚ್ಚಗಿರ್ತೈತಿ” ಎನ್ನುತ್ತಿದ್ದರು. ಮದ್ರಾಸಿನ ಸೆಕೆಗೆ ಯಂತ್ರವೇ ಕಾದು ಅರ್ಧ ಗಂಟೆಗೆ ಕೆಟ್ಟು ನಿಲ್ಲುತ್ತದೆಂದು, ಹಳೆಯ ಟಿಫಿನ್ ಕ್ಯಾರಿಯರಿನ ತಟ್ಟೆ ಕತ್ತರಿಸಿ ಶಾಖ ಎಳೆಯಲು ಒಳಗೆ ಬಿಗಿದರು. ಟೇಪಿನ ವಾಲ್ಯೂಮ್ ಎಲ್ಲಿ ನಿಂತರೆ ಆಟ ಸರಿಯಾಗಿ ಹತ್ತುತ್ತದೆ ಎಂದು ನನ್ನ ಉಗುರುಬಣ್ಣದಲ್ಲಿ ಗುರುತು ಹಾಕಿಸಿದರು.

ದಸರೆಯ ಅಷ್ಟಮಿಯ ಸಂಜೆ ಆಟ ಹತ್ತಿತು. ಐದು ನಿಮಿಷ ಅರಚಾಟ, ಒಂದು ಗಳಿಗೆ ಕತ್ತಲು, ಆಮೇಲೆ ಟೀವಿಯಲ್ಲಿ ಗಡಿಯಾರಗಳಂಥ ನಾಲ್ಕಾರು ಮುಳ್ಳು, ಅದರ ಮೇಲೆ ಒಂದು ಬಯಲು, ನಡುವೆ ರನ್‌ವೇ. ಹಲಗೆಯ ಮೇಲೆ ಯಂತ್ರವನ್ನು ಅಣ್ಣನ ಕೈಕೆಳಗಿಟ್ಟು ಕೆಲಸ ಹಂಚಿಕೊಂಡೆವು. ವೇಗದ ಗುಂಡಿ ನನ್ನದು, ಏರಿಸುವ ಇಳಿಸುವ ಎರಡು ಗುಂಡಿ ಅವನದು. ಎರಡು ಸಲ ರನ್‌ವೇ ಮುಗಿಯುವಲ್ಲಿಗೇ ಮುಗ್ಗರಿಸಿದೆವು. ಮೂರನೆಯ ಸಲ ವಿಮಾನ ಎದ್ದಿತು. ಬಯಲು ಕೆಳಗೆ ಜಾರಿತು, ಒಂದು ಕೆರೆ ಕಾಣಿಸಿತು. ನಿಜ ಹೇಳಬೇಕೆಂದರೆ ಅದು ಕೆರೆಯೂ ಅಲ್ಲ, ನಾಲ್ಕು ಗೆರೆ. “ಅಣ್ಣಾ, ನೋಡೋ, ನೀರು! ಕೆಳಗ ಐತಿ!” ಎಂದು ಅಣ್ಣ ಮಾಮನನ್ನು ಕೂಗಿದ. ಮಾಮ ಟೀವಿ ನೋಡುತ್ತಿರಲಿಲ್ಲ, ತಮ್ಮನ ಮುಖ ನೋಡುತ್ತಿದ್ದರು.

ಆಗಲೇ ಕರೆಂಟ್ ಹೋಯಿತು. “ವಿಮಾನ ಎಲ್ಲಿ ಹೋತು?” ಎಂದ ಅಣ್ಣ ನಗುತ್ತ. “ಮ್ಯಾಲೇ ಐತಿ. ನಾಳೆ ಇಳಸೂಣು” ಎಂದರು ಮಾಮ.

ಬೆಳಗಾದರೆ ಬೀದಿಯ ಆಟೋಗಳಿಗೆಲ್ಲ ಬಾಳೆಕಂದು, ಚೆಂಡುಹೂ. ನಾಳೆ ಎಂದವರಿಗೆ ನಾಳೆ ಖಂಡೇಪೂಜೆ ಎಂಬುದೇ ಆಟದ ಗುಂಗಿನಲ್ಲಿ ಮರೆತುಹೋಗಿತ್ತು. ಸ್ಕ್ರೂ ಡ್ರೈವರ್, ಬೆಸುಗೆ ಕಡ್ಡಿ, ಮೀಟರ್, ಟೇಪ್‌ರೆಕಾರ್ಡರ್, ಅವುಗಳ ನಡುವೆ ಕಂಪ್ಯೂಟರ್, ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ ಮಾಮ ದೇವಿಯ ಪಟದ ಮುಂದಿಟ್ಟರು. ಅಣ್ಣನಿಗೆ ಮೈ ಬೆಚ್ಚಗಿತ್ತು. ಮಲಗಿದಲ್ಲೇ ಇರುವವರಿಗೆ ಜ್ವರ ಬರುವುದು ಹೋಗುವುದು ಇದ್ದದ್ದೇ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. “ಅಣ್ಣಾ, ಒಮ್ಮೆ ಹಚ್ಚೋ. ಇಳಿಸಿ ಬಿಡ್ತೀನಿ” ಎಂದು ಅವನು ಕೇಳಿದ್ದು ನಮ್ಮ ಮನೆಗೂ ಕೇಳಿಸಿತು. “ಪೂಜಿಗಿಟ್ಟೀನೋ ತಮ್ಮಾ. ನಿನಗ ಗೊತ್ತಿಲ್ಲೇನು? ನಾಳೆ ಮುಂಜಾನೆದ್ದು ಮೊದಲ ಅದನ್ನ ತಗೀತೀನಿ.” ಹಾಗೆಂದು ಮಾಮ ವರ್ಕ್‌ಶಾಪಿನ ಪೂಜೆಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಅಣ್ಣನಿಗೆ ನಡುಕ ಹತ್ತಿತು. ಅಮ್ಮ ಕಂಬಳಿ ಹೊದಿಸಿ ಕಷಾಯ ಕುಡಿಸಿದಳು. ನಾಲ್ಕಕ್ಕೆ ಮಾಮ ಬಂದವರು ಹಣೆ ಮುಟ್ಟಿ ನೋಡಿ, ಪ್ರಸಾದದ ಪೊಟ್ಟಣವನ್ನು ನನ್ನ ಕೈಗೆ ತುರುಕಿ, ಟ್ಯಾಕ್ಸಿಗೆ ಓಡಿದರು. ದಾರಿ ತುಂಬ ಒಡೆದ ಬೂದುಗುಂಬಳ. ಆಸ್ಪತ್ರೆಯಲ್ಲಿ, ಮೂತ್ರದ ನಂಜು ರಕ್ತಕ್ಕೆ ಏರಿದೆ ಎಂದರಂತೆ. ದಶಮಿಯ ಬೆಳಿಗ್ಗೆ ಒಂಬತ್ತು ಗಂಟೆಗೆ ಅಣ್ಣ ಹೋಗಿಬಿಟ್ಟ.

ದೇಹ ಮನೆಗೆ ತಂದಾಗ ದೇವಿಯ ಮುಂದೆ ಎಲ್ಲ ಇಟ್ಟ ಹಾಗೇ ಇತ್ತು, ಹೂ ಬಾಡಿತ್ತು. ವಠಾರದವರು ಅಮ್ಮನ ಹತ್ತಿರ ದೇವರ ಇಚ್ಛೆ, ಒಳ್ಳೆಯ ದಿನ ಹೋದ ಎಂದೇನೋ ಹೇಳುತ್ತಿದ್ದರು. ಮಾಮ ನೆಟ್ಟಗೆ ಹೋಗಿ ಕಂಪ್ಯೂಟರನ್ನು ಎತ್ತಿಕೊಂಡು ಪಂಚೆಯ ಅಂಚಿನಿಂದ ಕುಂಕುಮ ಒರೆಸಿದರು.

“ದೇವಿ ಕೇಳಿದ್ದಿಲ್ಲ” ಎಂದರು. “ಇಂವ ಕೇಳಿದ್ದ.”

ಅದಾದ ಮೇಲೆ ಅವರು ಯಾವ ಹತ್ಯಾರವನ್ನೂ ಪೂಜೆಗಿಡಲಿಲ್ಲ. ಪ್ರತಿ ವರ್ಷ ಖಂಡೇಪೂಜೆಯ ದಿನ ಬಾಗಿಲು ತೆರೆದಿಟ್ಟುಕೊಂಡು ಎಲ್ಲರೆದುರೇ ಕೂತು ವಠಾರದವರ ರೇಡಿಯೋ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದರು. ಜನ ತಲೆ ಕೆಟ್ಟಿದೆ ಎಂದರು. ಕೆಲವು ಭಾನುವಾರ ಆ ಆಟವನ್ನು ಹಚ್ಚುತ್ತಿದ್ದರು. ವಿಮಾನ ರನ್‌ವೇಯ ತುದಿಯಲ್ಲಿ ನಿಂತಿರುತ್ತಿತ್ತು, ಅವರು ಒಂದು ಗುಂಡಿಯನ್ನೂ ಒತ್ತುತ್ತಿರಲಿಲ್ಲ. ನನ್ನನ್ನು ಮಾತ್ರ ಮೊದಲಿಗಿಂತ ಹೆಚ್ಚು ಅಕ್ಕರೆಯಿಂದ ಕಂಡರು. ನಮ್ಮ ಮನೆಯ ಫ್ಯೂಸು ಹೋದರೆ ಕರೆಯುವ ಮೊದಲೇ ಬರುತ್ತಿದ್ದರು. ನನ್ನ ಮದುವೆಯ ದೀಪಗಳನ್ನೆಲ್ಲ ಅವರೇ ಕಟ್ಟಿದರು. ಆ ಅಕ್ಕರೆ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು, ಅವರು ಎದುರು ಬಂದರೆ ಏನಾದರೂ ನೆಪ ಹೇಳಿ ಒಳಗೆ ಹೋಗುತ್ತಿದ್ದೆ. ಯಾಕೆಂದು ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ.

ದಶಕ ಮುಗಿಯುವ ಮೊದಲೇ ಮಾಮನ ಲಿವರ್ ಕೈಕೊಟ್ಟಿತು. ರೈಲ್ವೆ ಆಸ್ಪತ್ರೆಯಲ್ಲಿ ಮಲಗಿದ್ದರು, ಅರಿಸಿನ ಹಚ್ಚಿದಂಥ ಮೈ. ಇನ್ನು ಹೆಚ್ಚು ದಿನ ಇಲ್ಲ ಎಂದು ಅಮ್ಮ ಅಂದದ್ದಕ್ಕೆ ಒಬ್ಬಳೇ ಹೋದೆ. ಸ್ಟೂಲಿನ ಮೇಲೆ ಕೂತು, ನೆಲ ನೋಡುತ್ತ, ಎಲ್ಲ ಹೇಳಿದೆ.

ಆ ಪೂಜೆಯ ದಿನ ಅವರು ವರ್ಕ್‌ಶಾಪಿಗೆ ಹೋದ ಮೇಲೆ ನಾನು ಪಾಯಸ ಕೊಡಲು ಹೋಗಿದ್ದೆ. ಅಣ್ಣ ನನ್ನನ್ನೂ ಕೇಳಿದ. “ನಿನಗ ಹಚ್ಚಾಕ ಬರ್ತೈತೆಲ್ಲವಾ. ಒಮ್ಮೆ ಇಳಿಸಿ ಬಿಡ್ತೀನಿ. ಅಣ್ಣಗ ಹೇಳೂದು ಬ್ಯಾಡ” ಎಂದ. ನನಗೆ ಎಲ್ಲ ಬರುತ್ತಿತ್ತು. ವಾಲ್ಯೂಮಿನ ಗುರುತು ನನ್ನದೇ, ಐದು ನಿಮಿಷದ ಕೆಲಸ. ನನಗೆ ದೇವಿಯ ಭಯವೂ ಇರಲಿಲ್ಲ, ಕ್ರೇನಿನ ಭಯವೂ ಇರಲಿಲ್ಲ. ಕುಂಕುಮ ಅಳಿಸಿದರೆ ಮಾಮನಿಗೆ ಗೊತ್ತಾಗಿ ಬೈಸಿಕೊಳ್ಳಬೇಕಲ್ಲ ಎಂಬ ಪುಕ್ಕಲುತನ, ಅಷ್ಟೇ. “ಸುಮ್ನೆ ಮಲಗಿ ಅಣ್ಣ, ಒಂದು ದಿನ ತಡ್ಕೊಂಡ್ರೆ ಏನಾಗುತ್ತೆ” ಎಂದು ಗದರಿ ಬಂದುಬಿಟ್ಟಿದ್ದೆ. “ಆತು ಬಿಡವಾ” ಎಂದಿದ್ದ ಅವನು.

ಇಷ್ಟು ಹೇಳಿ ಮುಗಿಸಿ ತಲೆ ಎತ್ತಿದೆ. ಮಾಮನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ಗೊತ್ತೈತಿ ತಂಗೀ” ಎಂದರು. “ಟ್ಯಾಕ್ಸಿಯೊಳಗ ಅಂವನ ಹೇಳಿದ. ಆಕೀನ್ನೂ ಕೇಳಿದೆ, ಆಕೀನೂ ನಿನ್ನಂಗನ ಒಲ್ಲೆ ಅಂದ್ಲು, ಬೈಬ್ಯಾಡ ಅಂದ.”

ನನಗೆ ಸಿಟ್ಟೇ ಬಂತು. “ನಾಲ್ಕು ವರ್ಷ! ಒಂದು ಸಲವಾದರೂ ಯಾಕೆ ಬೈಲಿಲ್ಲ ಮಾಮ?” ಎಂದು ಅಳುತ್ತಲೇ ಜಗಳಕ್ಕೆ ನಿಂತೆ.

“ನೀ ಇನ್ನೂ ಸಣ್ಣಾಕಿ ಇದ್ದಿ. ಇಬ್ಬರೂ ಯಾಕ ಹೊರಬೇಕು? ನಾ ಒಬ್ಬಾವ ಹೊತ್ತಿದ್ನೆಲ್ಲ.”

ಐದನೆಯ ದಿನ ಮಾಮ ಹೋದರು. ಈಗ ಹೊರುವುದಕ್ಕೆ ನಾನೊಬ್ಬಳೇ ಉಳಿದಿದ್ದೇನೆ.