ಶನಿ ಗ್ರಹ ಮತ್ತು ನಾಲ್ಕು ಫ್ಲಡ್‌ಲೈಟು

ಮಕ್ಕಳಿಗೆ ತಮ್ಮ ದೂರದರ್ಶಕದಲ್ಲಿ ಶನಿ ಗ್ರಹ ತೋರಿಸಲು ಒಪ್ಪಿ ಕನ್ನಡಕದಂಗಡಿಯವರು ಶಾಲೆಗೆ ಬರೆದ ಪತ್ರದಲ್ಲಿ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: ಏಳು ಗಂಟೆಗೆ ಮೈದಾನದ ದೀಪಗಳೆಲ್ಲ ಆರಬೇಕು. ಏಳೂಕಾಲಾದರೂ ನಾಲ್ಕು ಫ್ಲಡ್‌ಲೈಟುಗಳು ಉರಿಯುತ್ತಲೇ ಇದ್ದವು. ನೂರನಲವತ್ತು ಮಕ್ಕಳು, ಅವರ ಅಪ್ಪ ಅಮ್ಮಂದಿರು ಕುರ್ಚಿಗಳಲ್ಲಿ ಕೂತು ಖಾಲಿ ವೇದಿಕೆ ನೋಡುತ್ತಿದ್ದರು. ಮುಖ್ಯ ಅತಿಥಿ ಬಂದಿರಲಿಲ್ಲ.

ಅಂಗಡಿಯವರು ಮೂವತ್ತು ವರ್ಷದಿಂದ ಊರಿನವರ ಕಣ್ಣಿಗೆ ಗಾಜು ಉಜ್ಜಿಕೊಟ್ಟ ಮನುಷ್ಯ. ದೂರದರ್ಶಕದ ಎಂಟಂಗುಲದ ಕನ್ನಡಿಯನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಏಳು ತಿಂಗಳು ಕೈಯಲ್ಲೇ ಉಜ್ಜಿದ್ದರು. ಮಾತು ಕಡಿಮೆ, ಸಿಟ್ಟು ಬಂದರೆ ಇನ್ನೂ ಕಡಿಮೆ.

ಏಳೂಮುಕ್ಕಾಲಿಗೆ ಶನಿ ಗ್ರಹ ಶಾಲೆಯ ಮೂರಂತಸ್ತಿನ ಕಟ್ಟಡದ ಹಿಂದೆ ಮರೆಯಾಗುವುದಿತ್ತು. ಅದಕ್ಕೇ ಅವರು ಕಟ್ಟಡದ ಹಿಂದಿನ ಸೈಕಲ್ ಸ್ಟ್ಯಾಂಡಿನ ಬಳಿ ಜಾಗ ಕೇಳಿದ್ದರು. ದೂರದರ್ಶಕ ಫೋಟೊದಲ್ಲಿ ಬರಬೇಕು, ವೇದಿಕೆಯ ಪಕ್ಕವೇ ಇರಲಿ ಎಂದು ಮುಖ್ಯೋಪಾಧ್ಯಾಯಿನಿ ಪಟ್ಟು ಹಿಡಿದಿದ್ದರು.

“ಮೇಡಂ, ದೀಪ ಆರ್ಸಿ. ಬೆಳಕು ಕೊಳವೆ ಒಳಗೇ ಬೀಳ್ತಿದೆ. ಏನೂ ಕಾಣಲ್ಲ.”

“ಅತಿಥಿಗಳು ಕತ್ತಲಲ್ಲಿ ಕಾರಿಂದ ಇಳಿಯೋಕಾಗತ್ತಾ ಸರ್? ನಿಮ್ಮ ಶನಿ ಎಲ್ಲಿಗೂ ಓಡಿಹೋಗಲ್ಲ ಬಿಡಿ.”

“ಓಡ್ತಿದೆ. ಅದನ್ನೇ ಹೇಳ್ತಿರೋದು.”

ಮಕ್ಕಳ ಸಾಲು ನೋಡಿಕೊಳ್ಳಲು ಬಂದಿದ್ದ ಅಂಗಡಿಯವರ ಹೆಂಡತಿ ಅವರ ಕಿವಿಯಲ್ಲಿ ಹೇಳಿದರು, “ರೀ, ನಿಮ್ಮ ಮೂಗಿನ ಮೇಲೆ ಈಗ ನೀರು ಕಾಯಿಸ್ಬಹುದು.”

ಏಳೂವರೆಗೆ ಅತಿಥಿ ಬಂದರು. ವಿಜ್ಞಾನದ ಮಹತ್ವದ ಬಗ್ಗೆ ಭಾಷಣ ಶುರುವಾಯಿತು. ಏಳೂಮುಕ್ಕಾಲಿಗೆ ಶನಿ ಮಹಡಿಯಂಚಿನ ಹಿಂದೆ ಇಳಿಯಿತು. ಅತಿಥಿ ಇನ್ನೂ ಪೀಠಿಕೆಯಲ್ಲೇ ಇದ್ದರು.

ಅಂಗಡಿಯವರು ದೂರದರ್ಶಕದ ಕೊಳವೆಯನ್ನು ತಬ್ಬಿ ಎತ್ತಿದರು. “ಪೀಠ ಹಿಡ್ಕೋ,” ಎಂದರು, ತಮ್ಮ ಜೊತೆ ಆಕಾಶ ನೋಡುವ ಗೆಳೆಯ ಪೋಸ್ಟ್‌ಮ್ಯಾನಿಗೆ.

“ಅಲ್ಲಯ್ಯಾ, ಭಾಷಣ ನಡೀತಾ ಇದೆ!”

“ನಡೀಲಿ. ನೀನೂ ನಡಿ.”

ಇಬ್ಬರೂ ವೇದಿಕೆಯ ಮುಂದಿನಿಂದಲೇ ಹಾದುಹೋದರು. ಹೆಂಡತಿ ಕುರ್ಚಿಗಳತ್ತ ತಿರುಗಿ, “ಶನಿ ನೋಡೋರು ನನ್ನ ಹಿಂದೆ ಬನ್ನಿ!” ಎಂದು ಗಟ್ಟಿಯಾಗಿ ಕೂಗಿದರು. ಮೊದಲು ಒಂದು ಸಾಲು ಎದ್ದಿತು. ಆಮೇಲೆ ಕುರ್ಚಿಗಳು ಸರಿದ ಸದ್ದಿನಲ್ಲಿ ಮೈಕು ಕೇಳಿಸಲಿಲ್ಲ.

ಕಟ್ಟಡದ ಹಿಂದೆ ಫ್ಲಡ್‌ಲೈಟಿನ ಬೆಳಕು ತಲುಪುತ್ತಿರಲಿಲ್ಲ. ಆದರೆ ಪಕ್ಕದ ಗೋದಾಮಿನ ಗೋಡೆಯ ಹಿಂದೆ ಶನಿ ಇಳಿಯಲು ಉಳಿದದ್ದು ಇಪ್ಪತ್ತು ನಿಮಿಷ. ಮಗುವಿಗೆ ಅರ್ಧ ನಿಮಿಷ.

“ಅಂಕಲ್, ಉಂಗುರ ಯಾರೋ ಅಂಟಿಸಿದ್ದಾರೆ!” ಎಂದಳು ಒಬ್ಬಳು. ಅಂಗಡಿಯವರು ನಗಲಿಲ್ಲ. ಕೊಳವೆಯನ್ನು ಕೂದಲೆಳೆಯಷ್ಟು ಸರಿಸಿ ಮುಂದಿನವನನ್ನು ಕರೆದರು.

ಎಂಟೂ ಹತ್ತಕ್ಕೆ ಗೋಡೆ ಶನಿಯನ್ನು ನುಂಗಿತು. ನೋಡಿದವರು ನಲವತ್ತು ಮಕ್ಕಳು. ಉಳಿದ ನೂರು ಮಕ್ಕಳು ಸಾಲಿನಲ್ಲೇ ನಿಂತಿದ್ದರು.

ಮುಖ್ಯೋಪಾಧ್ಯಾಯಿನಿ ಏದುಸಿರು ಬಿಡುತ್ತ ಬಂದರು. “ಎಂಥ ಅವಮಾನ ಮಾಡಿದ್ರಿ ಸರ್! ಮುಂದಿನ ವರ್ಷ ನಿಮ್ಮನ್ನ ಕರೆಯೋ ಮಾತೇ ಇಲ್ಲ.”

“ಕರೀಬೇಡಿ. ಆದ್ರೆ ಇವರಿಗೆ ಯಾಕೆ ಕಾಣ್ಲಿಲ್ಲ ಅಂತ ನೀವೇ ಹೇಳಿ. ಈಗ್ಲೇ, ಒಬ್ಬೊಬ್ರಿಗೂ.”

ಅಂಗಡಿಯವರು ದೂರದರ್ಶಕದ ಪಕ್ಕದಿಂದ ಸರಿದು ಜಾಗ ಬಿಟ್ಟರು. ಸಾಲಿನ ಮೊದಲ ಮಗು ಮುಂದೆ ಬಂದು, ಮುಖ್ಯೋಪಾಧ್ಯಾಯಿನಿಯ ಮುಖವನ್ನೇ ನೋಡುತ್ತ ನಿಂತಿತು.